ದಾದಿಯರ ಆಹಾರಪಾಠಕ್ಕೆ ನಿಮ್ಮ ಅಡಿಗೆಮನೆ



ಯಲಹಂಕ, ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರು ಸುತ್ತಿನ ಹಳ್ಳಿಗಳಿಗೆ ವರ್ಷದಲ್ಲಿ ಕೆಲವು ದಿನ ನರ್ಸಿಂಗ್ ಕಾಲೇಜಿನ ಹುಡುಗಿಯರು, ಈಚೆಗೆ ಹುಡುಗರೂ ಸಹ, ಗುಂಪಾಗಿ ಬಂದು ಮನೆಮನೆ ಸುತ್ತುವುದನ್ನು ತಾವು ನೋಡಿರಬಹುದು. ಹೆಗಲಿಗೊಂದು ಚೀಲ, ಕೈಯಲ್ಲಿ ಒಂದು ದಪ್ಪ ಪುಸ್ತಕ. ಮನೆಯಲ್ಲಿ ಎಷ್ಟು ಜನ, ಕುಡಿಯುವ ನೀರು ಎಲ್ಲಿಂದ, ಮಕ್ಕಳಿಗೆ ಚುಚ್ಚುಮದ್ದು ಆಗಿದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಾರೆ. ನಡುವೆ ಒಂದು ಪ್ರಶ್ನೆ ಬರುತ್ತದೆ: "ನಿನ್ನೆ ಏನು ಊಟ ಮಾಡಿದಿರಿ?" ಇದಕ್ಕೆ ನಮ್ಮ ಸೀಮೆಯಲ್ಲಿ ದೊರೆಯುವ ಉತ್ತರ ಬಹುತೇಕ ಒಂದೇ. "ಇನ್ನೇನೈತವ್ವ, ಹಿಟ್ಟು, ಸಾರು." ಹೇಳಿದವರ ಕೆಲಸವೂ ಮುಗಿಯಿತು, ಬರೆದುಕೊಂಡವರ ಕೆಲಸವೂ ಮುಗಿಯಿತು.

ಈ ಉತ್ತರ ಸುಳ್ಳಲ್ಲ. ಆದರೆ ಇದರಿಂದ ಆ ವಿದ್ಯಾರ್ಥಿನಿಗೆ ಏನೂ ತಿಳಿಯುವುದಿಲ್ಲ. ನಾಳೆ ಅವಳು ಆಸ್ಪತ್ರೆಯಲ್ಲಿ ದಾದಿಯಾಗಿ ನಿಂತಾಗ, ನಿಮ್ಮ ಮಗಳ ಹೆರಿಗೆಗೋ ನಿಮ್ಮ ತಂದೆಯ ಸಕ್ಕರೆ ಕಾಯಿಲೆಗೋ ಹೇಳಬೇಕಾದ ಮಾತನ್ನು ಅವಳು ಕಲಿಯಬೇಕಾದದ್ದು ಇಂದು ನಿಮ್ಮ ಒಲೆಯ ಮುಂದೆ. ಆದ್ದರಿಂದ ಆ ಮಕ್ಕಳಿಗೆ ಆಹಾರದ ವಿಚಾರವಾಗಿ ಕಾಲೇಜಿನಲ್ಲಿ ಏನು ಕಲಿಸುತ್ತಾರೆ, ಅದರಲ್ಲಿ ನಿಮ್ಮ ಮನೆಯ ಪಾಲೇನು, ನಿಮಗೆ ಅದರಿಂದ ಆಗುವ ಉಪಯೋಗವೇನು ಎಂಬುದನ್ನು ಈ ಪಾಠದಲ್ಲಿ ವಿವರಿಸಿದೆ.

ನರ್ಸಿಂಗ್ ಶಿಕ್ಷಣ ಹೇಗಿರಬೇಕೆಂದು ಗೊತ್ತುಮಾಡುವುದು ಭಾರತೀಯ ನರ್ಸಿಂಗ್ ಕೌನ್ಸಿಲು. ಇದು 1947ರ ಕಾಯಿದೆಯ ಮೇರೆಗೆ ಏರ್ಪಟ್ಟಿತು. 2021ರಲ್ಲಿ ಪರಿಷ್ಕೃತವಾದ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಆಹಾರ ಮತ್ತು ಪಥ್ಯದ ವಿಷಯವನ್ನು ಎರಡನೆಯ ಸೆಮಿಸ್ಟರಿನಲ್ಲಿ ಇಟ್ಟಿದ್ದಾರೆ. ಪಾಠಕ್ಕೆ 45 ಗಂಟೆ, ಕೈಯಾರೆ ಅಡಿಗೆ ಮಾಡಿ, ತೂಗಿ, ಅಳೆದು ಕಲಿಯುವುದಕ್ಕೆ 15 ಗಂಟೆ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. 60 ಗಂಟೆ ಎಂದರೆ ಹೆಚ್ಚೇನೂ ಅಲ್ಲ. ಒಂದು ಎಕರೆ ರಾಗಿ ಪೈರಿನ ಕಳೆ ತೆಗೆಯಲು ಹಿಡಿಯುವ ಹೊತ್ತೂ ಅದಕ್ಕಿಂತ ಬಹಳ ಕಡಮೆಯಿರಲಾರದು! ಅಷ್ಟರಲ್ಲಿ ಕೂಸಿನಿಂದ ಮುದುಕರವರೆಗೆ, ಬಸುರಿಯಿಂದ ರೋಗಿಯವರೆಗೆ ಯಾರಿಗೆ ಏನು ಊಟ ಎಂಬುದೆಲ್ಲ ಬರಬೇಕು. ಉಳಿದದ್ದನ್ನು ಊರುಗಳಲ್ಲಿ ಸುತ್ತಿ ಕಲಿಯಬೇಕಾಗುತ್ತದೆ.

ದಾದಿಗೆ ಊಟದ ಚಿಂತೆ ಏಕೆ ಎಂದು ಕೆಲವರು ಕೇಳುವುದುಂಟು. ಔಷಧ ಕೊಡುವುದು, ಸೂಜಿ ಚುಚ್ಚುವುದು, ಗಾಯಕ್ಕೆ ಕಟ್ಟು ಹಾಕುವುದು ಅವರ ಕೆಲಸವಲ್ಲವೇ? ಶುಶ್ರೂಷಾ ವಿದ್ಯೆಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಬರೆದ ಪುಸ್ತಕದಲ್ಲಿ ಊಟದ ವಿಷಯಕ್ಕೇ ಎರಡು ಅಧ್ಯಾಯಗಳನ್ನು ಮೀಸಲಿಟ್ಟಿದ್ದರು. ಆಹಾರ ಪಕ್ಕದಲ್ಲೇ ಇದ್ದರೂ ಅದನ್ನು ರೋಗಿ ತಿನ್ನುವ ಹಾಗೆ, ತಿನ್ನುವ ಹೊತ್ತಿಗೆ ಕೊಡುವವರಿಲ್ಲದೆ ಎಷ್ಟೋ ಜನ ಉಪವಾಸದಿಂದ ಸೊರಗುತ್ತಾರೆಂಬುದು ಅವರ ಮುಖ್ಯ ದೂರು. ಆ ದೇಶದಲ್ಲಿ ರೋಗಿಗಳಿಗೆ ಮಾಂಸ ಬೇಯಿಸಿದ ತಿಳಿಯನ್ನು ಬಹಳ ಪುಷ್ಟಿಯೆಂದು ಕುಡಿಸುತ್ತಿದ್ದರು. ಅದರಲ್ಲಿ ಇರುವ ಸಾರ ಅತ್ಯಲ್ಪವೆಂದು ಅವರು ಆಗಲೇ ತೋರಿಸಿಕೊಟ್ಟರು. ನಮ್ಮಲ್ಲಿಯೂ ಬೇಳೆಕಟ್ಟು ಕುಡಿಸಿದರೆ ಬೇಳೆಯ ಬಲವೆಲ್ಲ ಬಂತು ಎಂಬ ನಂಬಿಕೆ ಇದೆಯಷ್ಟೆ. ಕಟ್ಟಿನಲ್ಲಿ ಹೆಚ್ಚಾಗಿ ನೀರು. ಬಲವೆಲ್ಲ ತಳದ ಬೇಳೆಯಲ್ಲಿ. ಕೂಸಿಗಾಗಲಿ ರೋಗಿಗಾಗಲಿ ಕೊಡಬೇಕಾದದ್ದು ಬೇಳೆಯನ್ನೇ, ನುಣ್ಣಗೆ ಹಿಸುಕಿ.

ಹಿಟ್ಟಿನ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ವಿದ್ಯಾರ್ಥಿನಿಗೆ ಕಾಲೇಜಿನಲ್ಲಿ ಹೇಳಿಕೊಟ್ಟಿರುವ ಕ್ರಮವೆಂದರೆ, ಹಿಂದಿನ 24 ಗಂಟೆಯಲ್ಲಿ ಬಾಯಿಗೆ ಹೋದದ್ದನ್ನೆಲ್ಲ ಹೊತ್ತಿನ ವರಸೆಯಲ್ಲಿ ನೆನಪು ಮಾಡಿಸಿ ಕೇಳುವುದು. "ಅಮ್ಮಾ, ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಮೊದಲು ಏನು ತಗೊಂಡ್ರಿ? ಹೊಲಕ್ಕೆ ಹೋಗುವಾಗ? ಮಧ್ಯಾಹ್ನ ಉಂಡದ್ದು ಎಷ್ಟು ಹೊತ್ತಿಗೆ? ಹಿಟ್ಟು ಒಂದೋ, ಒಂದೂವರೆಯೋ? ಸಾರಿನಲ್ಲಿ ಕಾಳು ಎಷ್ಟಿತ್ತು?" ಆಮೇಲೆ ಬಟ್ಟಲು, ಸೌಟು, ಲೋಟ ತೋರಿಸಿ ಅಳತೆ ಗುರುತು ಮಾಡಿಕೊಳ್ಳುತ್ತಾಳೆ. ಇದನ್ನು ಕೇಳಿ ಮನೆಯವರಿಗೆ ನಗು ಬರಬಹುದು, ಸ್ವಲ್ಪ ಸಂಕೋಚವೂ ಆಗಬಹುದು. ಆದರೆ ಒಂದು ಲೆಕ್ಕ ಮಾಡಿ ನೋಡಿ.

ನಮ್ಮ ಕಡೆಯ ಒಂದು ಹದವಾದ ಹಿಟ್ಟಿಗೆ 100 ಗ್ರಾಂ ರಾಗಿಹಿಟ್ಟು ಹಿಡಿಯಿತೆಂದು ಇಟ್ಟುಕೊಳ್ಳೋಣ. ಬೇಯಿಸಿದ ಮೇಲೆ ತೂಕ ಬಹಳ ಹೆಚ್ಚುತ್ತದೆ, ಅದು ನೀರಿನ ತೂಕ. ಹಸಿಯ ತೂಕವನ್ನೂ ಬೆಂದ ತೂಕವನ್ನೂ ಬೇರೆ ಬೇರೆ ನೋಡುವುದೇ ವಿದ್ಯಾರ್ಥಿಗಳಿಗೆ ಅಡಿಗೆಯ ಪ್ರಯೋಗದಲ್ಲಿ ಮೊದಲ ಪಾಠ. 100 ಗ್ರಾಂ ರಾಗಿಯಲ್ಲಿ ಮೈ ಬೆಳೆಸುವ ಸಸಾರಜನಕ, ಎಂದರೆ ಪ್ರೋಟೀನು, ಸುಮಾರು 7 ಗ್ರಾಂ. ಮೂಳೆಗೆ ಬೇಕಾದ ಸುಣ್ಣದ ಅಂಶ ಸುಮಾರು 350 ಮಿಲಿಗ್ರಾಂ. ಅದೇ ತೂಕದ ಪಾಲಿಷ್ ಅಕ್ಕಿಯಲ್ಲಿ ಸುಣ್ಣದ ಅಂಶ 10 ಮಿಲಿಗ್ರಾಮಿನ ಆಸುಪಾಸು. ರಾಗಿಯ ಹೆಚ್ಚುಗಾರಿಕೆ ಇಲ್ಲಿದೆ. ದಿನಕ್ಕೆ ದೊಡ್ಡವರಿಗೆ ಬೇಕಾದ ಸುಣ್ಣ 1000 ಮಿಲಿಗ್ರಾಂ. ಎರಡು ಹಿಟ್ಟು ಉಂಡು ಒಂದು ಲೋಟ ಹಾಲು ಕುಡಿದರೆ ಅದರ ಬಹುಪಾಲು ಬಂದಂತೆಯೇ.

ಆದರೆ ಹಿಟ್ಟೊಂದರಿಂದಲೇ ಎಲ್ಲವೂ ಬಾರದು. 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಸಸಾರಜನಕ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಗೊತ್ತುಮಾಡಿವೆ. ಹೊಲದ ಕೆಲಸವನ್ನೂ ಮನೆಗೆಲಸವನ್ನೂ ಮಾಡುವ ಒಬ್ಬ ತಾಯಿಯ ದಿನವನ್ನು ಮೇಲಿನ ರೀತಿಯಲ್ಲಿ ಕೇಳಿ ಬರೆದುಕೊಂಡರೆ ಹೀಗೆ ಬರಬಹುದು: ಬೆಳಿಗ್ಗೆ ಕಾಫಿ, ಮಧ್ಯಾಹ್ನ ಒಂದೂವರೆ ಹಿಟ್ಟು ತೆಳು ಸಾರು, ರಾತ್ರಿ ಒಂದು ಹಿಟ್ಟು, ಪಾತ್ರೆಯಲ್ಲಿ ಮಿಕ್ಕ ಎರಡು ತುತ್ತು ಅನ್ನ. ರಾಗಿ 250 ಗ್ರಾಂ, ಅದರಿಂದ 18 ಗ್ರಾಂ ಸಸಾರಜನಕ. 50 ಗ್ರಾಂ ಅಕ್ಕಿಯಿಂದ 4 ಗ್ರಾಂ. ಅವಳ ಪಾಲಿಗೆ ಬಂದ 20 ಗ್ರಾಂ ಬೇಳೆಯಿಂದ 4 ಗ್ರಾಂ. ಒಟ್ಟು 26. ಬೇಕಾದದ್ದು 46. ದುಡಿಮೆಗೆ ಬೇಕಾದ ಶಕ್ತಿಯ ಲೆಕ್ಕ ಹಾಕಿದರೂ ಅರ್ಧದಷ್ಟಕ್ಕೇ ನಿಲ್ಲುತ್ತದೆ. ಹೊಟ್ಟೆ ತುಂಬಿತ್ತು, ಹಸಿವೆಂದು ಆಕೆ ಎಂದೂ ಹೇಳಿರಲಿಲ್ಲ. "ಹಿಟ್ಟು, ಸಾರು" ಎಂಬ ಎರಡು ಮಾತಿನಲ್ಲಿ ಮುಚ್ಚಿಹೋಗಿದ್ದ ಸಂಗತಿ ಇದು.

ಅದೇ ಮನೆಯ ಯಜಮಾನರ ತಟ್ಟೆಯ ಲೆಕ್ಕ ಕೇಳಿದರೆ ಬೇರೆಯೇ ಇರುತ್ತದೆ. ಮೊದಲು ಉಣ್ಣುವವರಿಗೆ ಸೌಟು ತಳಕ್ಕೆ ಹೋಗಿ ಕಾಳು ಬರುತ್ತದೆ, ಕೊನೆಗೆ ಉಣ್ಣುವವಳಿಗೆ ತಿಳಿ ಉಳಿಯುತ್ತದೆ. ಮೊಟ್ಟೆ ಎರಡೇ ಇದ್ದರೆ ಅದು ಯಾರ ಪಾಲೆಂಬುದನ್ನು ಬರೆದು ತಿಳಿಸಬೇಕಾಗಿಲ್ಲ. ಆದ್ದರಿಂದಲೇ ವಿದ್ಯಾರ್ಥಿನಿಯರಿಗೆ ಉಪಾಧ್ಯಾಯಿನಿಯರು ಹೇಳಿಕೊಡುವುದು: ಮನೆಯ ಊಟ ಏನೆಂದು ಕೇಳಿದರೆ ಸಾಲದು, ಒಬ್ಬೊಬ್ಬರ ತಟ್ಟೆಗೆ ಬಂದದ್ದೆಷ್ಟೆಂದು ಕೇಳಬೇಕು, ಮನೆಯಾಕೆಯನ್ನು ಒಬ್ಬಳನ್ನೇ ಇದ್ದಾಗ ಕೇಳಬೇಕು. ಯಜಮಾನರು ಪಕ್ಕದಲ್ಲಿ ಕುಳಿತು, "ನಮ್ಮ ಮನೇಲಿ ಎಲ್ರೂ ಚೆನ್ನಾಗಿ ತಿಂತಾರಮ್ಮ" ಎಂದು ತಾವೇ ಉತ್ತರ ಹೇಳಿಬಿಟ್ಟರೆ ಪಾಠ ಅಲ್ಲಿಗೇ ನಿಂತುಹೋಗುತ್ತದೆ. ಅಷ್ಟು ಹೊತ್ತು ತಾವು ದನದ ಕೊಟ್ಟಿಗೆಯ ಕಡೆ ಹೋಗಿಬಂದರೆ ದೊಡ್ಡ ಉಪಕಾರ.

ಕೊರತೆಯನ್ನು ತುಂಬಲು ಅಂಗಡಿಯಿಂದ ಡಬ್ಬದ ಪುಡಿ ತರಬೇಕಾಗಿಲ್ಲ. ಆ ತಾಯಿಯ ತಟ್ಟೆಯಲ್ಲಿ ಎರಡು ಹಿಟ್ಟು (14 ಗ್ರಾಂ), 100 ಗ್ರಾಂ ಅಕ್ಕಿಯ ಅನ್ನ (7), 50 ಗ್ರಾಂ ಒಣ ಅವರೆಕಾಳೋ ಬೇಳೆಯೋ (12), ಒಂದು ಲೋಟ ಹಾಲು ಅಥವಾ ಮಜ್ಜಿಗೆ ಮಾಡಿದ ಮೊಸರು (6), ಒಂದು ಮೊಟ್ಟೆ (6) ಇದ್ದರೆ 45ಕ್ಕೆ ಬಂತು. ಮೊಟ್ಟೆ ತಿನ್ನದವರು ಕಾಳನ್ನೂ ಕಡಲೆಕಾಯಿಯನ್ನೂ ಹೆಚ್ಚಿಸಬಹುದು. ಇದರಲ್ಲಿ ನಮ್ಮ ಹೊಲದಲ್ಲಿ ಬೆಳೆಯದ ಪದಾರ್ಥ ಯಾವುದಿದೆ? ರಾಗಿಯ ಸಸಾರಜನಕದಲ್ಲಿ ಕಡಮೆಯಿರುವ ಅಂಶ ಕಾಳಿನಲ್ಲಿ ಹೆಚ್ಚು, ಕಾಳಿನಲ್ಲಿ ಕಡಮೆಯಿರುವುದು ರಾಗಿಯಲ್ಲಿದೆ. ರಾಗಿ ಹೊಲದಲ್ಲಿ ಸಾಲು ಬಿಟ್ಟು ಅವರೆ, ತೊಗರಿ ಹಾಕುತ್ತಿದ್ದ ನಮ್ಮ ಹಿರಿಯರ ಅಕ್ಕಡಿ ಪದ್ಧತಿ ತಟ್ಟೆಯಲ್ಲಿಯೂ ಸರಿಯಾಗಿಯೇ ಕೂಡುತ್ತದೆ.

ಇಲ್ಲಿ ಹೆಬ್ಬಾಳದ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಈಗ ಹೆಬ್ಬಾಳವೆಂದರೆ ಮೇಲ್ಸೇತುವೆ, ವಾಹನಗಳ ಸಾಲು ಎಂಬಂತಾಗಿದೆ. ಆದರೆ ಮೈಸೂರು ಸಂಸ್ಥಾನದಲ್ಲಿ ಕೃಷಿ ಸಂಶೋಧನೆಗೆ ಮೊದಲಾದದ್ದು 1899ರಲ್ಲಿ ಅಲ್ಲಿಯೇ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆ ಭೂಮಿಯಲ್ಲಿ. 1946ರಲ್ಲಿ ಕೃಷಿ ಕಾಲೇಜು ಬಂತು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಹೊತ್ತು ನೋಡದೆ ಎಲ್ಲ ಕಾಲದಲ್ಲಿಯೂ ಹೂ ಬಿಡುವ ಹೆಬ್ಬಾಳ ಅವರೆಯ ತಳಿಗಳು ಬಂದಮೇಲೆ ಅವರೆ ಕೇವಲ ಚಳಿಗಾಲದ ಬೆಳೆಯಾಗಿ ಉಳಿಯಲಿಲ್ಲ. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದ ಲಕ್ಷ್ಮಣಯ್ಯನವರನ್ನು ರೈತರು ರಾಗಿ ಬ್ರಹ್ಮ ಎಂದೇ ಕರೆದರು. ಬೆಳೆ ಹೆಚ್ಚಿಸುವ ಪಾಠ ಹೀಗೆ ನಮಗೆ ಬಹಳ ಹಿಂದೆಯೇ ಬಂತು. ಬೆಳೆದದ್ದು ಮನೆಯ ತಟ್ಟೆಗೆ ಬರುವ ಪಾಠ ಮಾತ್ರ ಹಿಂದೆ ಬಿತ್ತು. ಹಾಲಿನ ಡೈರಿಗೆ ಕ್ಯಾನು ಬರಿದಾಗುವಂತೆ ಹಾಲು ಹೋಗುತ್ತದೆ, ಅವರೆ ಮೂಟೆ ಮಾರುಕಟ್ಟೆಗೆ ಹೋಗುತ್ತದೆ. ಹಣ ಬೇಡವೆಂದು ಯಾರೂ ಹೇಳುವುದಿಲ್ಲ. ಮನೆಯ ಜನಕ್ಕೆ ದಿನಕ್ಕೊಂದು ಲೋಟದಂತೆ ಹಾಲನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಡೈರಿಗೆ ಅಳೆಯಬಹುದಲ್ಲವೇ?

ರಕ್ತದ ಮಾತು

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ ಕಂಡುಬಂತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65. ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಮೆಯಿದ್ದರೆ ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ಅಂಥವಳಿಗಿಲ್ಲ. ನರ್ಸಿಂಗ್ ವಿದ್ಯಾರ್ಥಿನಿ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡುವುದು, ಉಗುರು ಬಿಳಿಚಿದೆಯೇ ಎಂದು ನೋಡುವುದು ಈ ಭಯದಿಂದ.

ಈ ವಿದ್ಯೆಯಲ್ಲಿ ಒಂದು ದೊಡ್ಡ ಸಂಗತಿ ನಮ್ಮ ದೇಶದಲ್ಲಿಯೇ ತಿಳಿದುಬಂತು. 1928ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರಿಗೆ ಬರುತ್ತಿದ್ದ ಒಂದು ಬಗೆಯ ಕಡು ರಕ್ತಹೀನತೆಯನ್ನು ಪರೀಕ್ಷಿಸಿದರು. ರೋಗಾಣುವಿನಿಂದ ಬಂದಿರಬಹುದೇ ಎಂದು ನೋಡಿದರು, ಅಲ್ಲ. ಅವರ ಊಟವನ್ನು ವಿಚಾರಿಸಿದಾಗ ಕಾರಣದ ಜಾಡು ಸಿಕ್ಕಿತು. ಯೀಸ್ಟಿನಿಂದ ಮಾಡಿದ ಅಗ್ಗದ ಲೇಹ್ಯವೊಂದನ್ನು ತಿನ್ನಿಸಿದಾಗ ಹೆಂಗಸರು ಚೇತರಿಸಿಕೊಂಡರು. ಆ ಲೇಹ್ಯದಲ್ಲಿದ್ದ ಗುಣಕಾರಿ ಅಂಶವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಈಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಇದೇ. ಊಟ ಏನೆಂದು ಕೇಳಿದ್ದರಿಂದ ಲೋಕಕ್ಕೆ ಆದ ಉಪಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ಸೊಪ್ಪಿನ ವಿಚಾರದಲ್ಲಿ ನಮ್ಮ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗಣಿಕೆಸೊಪ್ಪು, ಹೊನಗೊನ್ನೆ, ಕೀರೆ ಎಲ್ಲ ಕಲೆಹಾಕಿ ಬೆರಕೆಸೊಪ್ಪಿನ ಸಾರು ಮಾಡುವುದು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬಾರದು, ಅದರಲ್ಲಿ ಜೀವಸತ್ತ್ವಗಳು ಇಳಿದಿರುತ್ತವೆ ಎಂದು ವಿದ್ಯಾರ್ಥಿಗಳು ಪಠ್ಯದಲ್ಲಿ ಓದುತ್ತಾರೆ. ಸೊಪ್ಪುಕಾಳು ಬೇಯಿಸಿ, ಬಸಿದು, ಬಸಿದ ನೀರಿಗೇ ಖಾರ ಕೂಡಿಸಿ ಬಸ್ಸಾರು ಮಾಡುವವರು ಆ ನೀರನ್ನು ಎಂದು ಚೆಲ್ಲಿದ್ದಾರೆ? ಪಟ್ಟಣದಿಂದ ಬಂದ ಹುಡುಗಿಗೆ ಬಸ್ಸಾರು ಮಾಡುವುದನ್ನು ಒಂದು ಸಲ ತೋರಿಸಿ. ಪರೀಕ್ಷೆಯಲ್ಲಿ ಬರೆಯುವಳು. ಒಂದೇ ಎಚ್ಚರಿಕೆ: ಕಳೆನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನು ಕೀಳಬೇಡಿ. ಕೊಳಚೆ ನೀರು ಹರಿಯುವೆಡೆಯ ಸೊಪ್ಪನ್ನೂ ಬಿಡಿ. ಮನೆಯ ಹಿತ್ತಿಲಲ್ಲಿ ಒಂದು ನುಗ್ಗೆ ಗಿಡವಿದ್ದರೆ ವರ್ಷವಿಡೀ ಸೊಪ್ಪು ದೊರೆಯುತ್ತದೆ.

ಆದರೆ ಸೊಪ್ಪು, ರಾಗಿ ತಿಂದರೆ ಮಾತ್ರೆ ಬೇಡ ಎಂದುಕೊಳ್ಳುವುದು ಸರಿಯಲ್ಲ. ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. 100 ಗ್ರಾಂ ರಾಗಿಯಲ್ಲಿರುವುದು 4ರಿಂದ 5 ಮಿಲಿಗ್ರಾಂ. ಅದರಲ್ಲಿಯೂ ಕಾಳುಕಡ್ಡಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ಊಟವಾದ ಕೂಡಲೇ ಕುಡಿಯುವ ಕಾಫಿ, ಟೀ ಅದನ್ನೂ ತಡೆಯುತ್ತವೆ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಬಿಡಬೇಕು. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಸೀಬೆಹಣ್ಣು, ನೆಲ್ಲಿಕಾಯಿಯೂ ಹಾಗೆಯೇ. ಬಸುರಿಯರು ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು. ಮಲ ಕಪ್ಪಾಗುವುದಕ್ಕೆ ಹೆದರಬೇಕಾಗಿಲ್ಲ. ಸುಣ್ಣದ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆಯ ಅಂತರವಿರಲಿ. ಮಾತ್ರೆಯ ಚೀಟಿ ಸೂರಿನಲ್ಲಿ ಸಿಕ್ಕಿಸಿಟ್ಟಿರುವುದನ್ನು ವಿದ್ಯಾರ್ಥಿನಿ ನೋಡಿದರೆ ಅವಳಿಗೆ ಬೈಯುವ ಅಧಿಕಾರವಿದೆಯೆಂದು ತಿಳಿಯಿರಿ!

ಬಾಣಂತಿಯ ಕೋಣೆಯಲ್ಲಿ

ಆಹಾರಪಾಠದಲ್ಲಿ ವಿದ್ಯಾರ್ಥಿನಿಗೆ ಬಹಳ ಕಷ್ಟವಾಗುವ ಸ್ಥಳ ಬಾಣಂತಿಯ ಕೋಣೆ. ಅಲ್ಲಿ ಅವಳ ಎದುರು ಕುಳಿತಿರುವವರು ಹತ್ತಾರು ಹೆರಿಗೆ ನೋಡಿದ ಅಜ್ಜಿ. ಹತ್ತೊಂಬತ್ತು ವರ್ಷದ ಹುಡುಗಿ, "ಅಜ್ಜಿ, ಸೊಪ್ಪು ಕೊಡಿ, ಬೇಳೆ ಕೊಡಿ" ಎಂದರೆ, "ನೀನು ಎಷ್ಟು ಹೆತ್ತಿದ್ದೀಯ ಮಗಳೇ?" ಎಂದು ಅಜ್ಜಿ ಕೇಳುತ್ತಾರೆ. ಅದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ.

ಒಳ್ಳೆಯ ಉಪಾಧ್ಯಾಯಿನಿಯರು ಇಲ್ಲಿ ಹೇಳಿಕೊಡುವ ಉಪಾಯ ನನಗೆ ಮೆಚ್ಚಿಗೆಯಾದದ್ದು. ಮನೆಯ ಪದ್ಧತಿಗಳನ್ನೆಲ್ಲ ಒಂದೇ ಏಟಿಗೆ ಮೂಢನಂಬಿಕೆ ಎನ್ನಬಾರದು. ಒಳ್ಳೆಯದನ್ನು ಹೊಗಳಬೇಕು, ಕೇಡಿಲ್ಲದ್ದನ್ನು ಅದರ ಪಾಡಿಗೆ ಬಿಡಬೇಕು, ಕೇಡಿನದನ್ನು ಮಾತ್ರ ಹಿಡಿದು ಬಿಡಿಸಬೇಕು. ಬಾಣಂತಿಗೆ ತುಪ್ಪ, ಬೆಳ್ಳುಳ್ಳಿ, ಮೆಣಸಿನ ಸಾರು, ಬಿಸಿ ಅನ್ನ, ಮೈಗೆ ಎಣ್ಣೆ, ವಿಶ್ರಾಂತಿ, ಇವು ಒಳ್ಳೆಯವು ಇಲ್ಲವೆ ನಿರಪಾಯದವು. ನೀರು ಕಡಮೆ ಕೊಡುವುದು ಕೇಡು. ಹಾಲೂಡುವವಳಿಗೆ ನೀರು ಹೆಚ್ಚು ಬೇಕು. ಸೊಪ್ಪು, ಬೇಳೆ, ಹಣ್ಣು ನಿಲ್ಲಿಸುವುದು ಕೇಡು. ಹಾಲೂಡುವ ಮೊದಲ ಆರು ತಿಂಗಳು ಅವಳಿಗೆ ದಿನಕ್ಕೆ 600 ಕ್ಯಾಲೊರಿ ಶಕ್ತಿಯೂ ಸುಮಾರು 17 ಗ್ರಾಂ ಸಸಾರಜನಕವೂ ಹೆಚ್ಚಾಗಿ ಬೇಕು. ಎಂದರೆ ಮಾಮೂಲು ಊಟವಲ್ಲದೆ ಇನ್ನೊಂದು ಪೂರ್ತಿ ಊಟ. ಮೊದಲು ಬರುವ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಜೇನುತುಪ್ಪವೋ ಸಕ್ಕರೆನೀರೋ ನೆಕ್ಕಿಸುವುದು ಬಹಳ ಕೇಡು. ಕರು ಹಾಕಿದ ಹಸುವಿನ ಗಿಣ್ಣು ಕರುವಿಗೆ ಎಷ್ಟು ಮುಖ್ಯವೆಂದು ತಮಗೆ ಗೊತ್ತು, ಕೂಸಿಗೂ ಅದೇ ಮಾತು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಾಕಬೇಕು. ಆರು ತಿಂಗಳು ತುಂಬುವವರೆಗೆ ನೀರೂ ಸೇರಿ ಬೇರೇನೂ ಬೇಡ.

ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಅಂಗನವಾಡಿಗಳಾದರೋ 1975ರಲ್ಲಿ ದೇಶದ 33 ಕಡೆಗಳಲ್ಲಿ ಮೊದಲಾದವು, ಅವುಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಅದಕ್ಕೂ ಮುಂಚೆ, 1960ರ ದಶಕದಲ್ಲಿ, ಸಮುದಾಯ ಅಭಿವೃದ್ಧಿ ಬ್ಲಾಕುಗಳಲ್ಲಿ ಕೈತೋಟ, ಕೋಳಿ ಸಾಕಣೆಗಳ ಮೂಲಕ ಪುಷ್ಟಿಕರ ಆಹಾರದ ಕಾರ್ಯಕ್ರಮ ನಡೆದಿತ್ತು. ಹಿರಿಯರಿಗೆ ನೆನಪಿರಬಹುದು.

ಎರಡು ಬಟ್ಟಲಿನ ಪರೀಕ್ಷೆ

ಆರು ತಿಂಗಳಾದ ಮೇಲೆ ಎದೆಹಾಲಿನ ಜೊತೆಗೆ ರಾಗಿಸರಿ. ಇದು ನಮ್ಮ ಸೀಮೆಯ ಕೂಸುಗಳ ಮೊದಲ ಊಟ. ಇದರಲ್ಲಿ ಒಂದು ತೊಡಕಿದೆ. ಸರಿ ಬೇಗ ಗಟ್ಟಿಯಾಗುತ್ತದೆ. ಕೂಸಿಗೆ ನುಂಗಲು ಬರಲೆಂದು ತಾಯಿ ನೀರು ಹೆಚ್ಚಿಸುತ್ತಾಳೆ. ಕೂಸಿನ ಹೊಟ್ಟೆ ಅಂಗೈಯಷ್ಟು. ನೀರಿನಿಂದಲೇ ತುಂಬಿಹೋಗುತ್ತದೆ, ಸಾರ ಒಳಗೆ ಹೋಗುವುದಿಲ್ಲ. ಕೂಸು ಸೊರಗುತ್ತದೆ, ದೃಷ್ಟಿಯಾಯಿತೆಂದು ತಾಯಿ ತಾಯಿತ ಕಟ್ಟಿಸುತ್ತಾಳೆ.

ಕಾಲೇಜಿನ ಅಡಿಗೆ ಪ್ರಯೋಗದಲ್ಲಿ ಇದಕ್ಕೆ ಎರಡು ಬಟ್ಟಲಿನ ಪರೀಕ್ಷೆ ಮಾಡಿ ತೋರಿಸಬಹುದು. ನಿಮ್ಮ ಮನೆಯಲ್ಲಿಯೂ ಮಾಡಬಹುದು. ಒಂದರಲ್ಲಿ ಸಾದಾ ರಾಗಿಹಿಟ್ಟು, ಇನ್ನೊಂದರಲ್ಲಿ ಮೊಳಕೆ ಬರಿಸಿದ ರಾಗಿಯ ಹಿಟ್ಟು, ಎರಡಕ್ಕೂ ಸಮ ಅಳತೆ ಹಿಟ್ಟು, ಸಮ ಅಳತೆ ನೀರು. ಕಾಯಿಸಿ ಇಳಿಸಿ ಆರಲು ಬಿಡಿ. ಮೊದಲನೆಯದು ಹೆಪ್ಪುಗಟ್ಟಿ ಚಮಚ ನಿಲ್ಲುವಂತಾದರೆ ಎರಡನೆಯದು ಬಗ್ಗಿಸಿದರೆ ಹರಿಯುತ್ತದೆ. ಮೊಳಕೆಯೊಡೆಯುವಾಗ ರಾಗಿಯೊಳಗೆ ಹುಟ್ಟುವ ಒಂದು ಕಿಣ್ವ ಪಿಷ್ಟವನ್ನು ಒಡೆದು ತೆಳುವಾಗಿಸುವುದೇ ಇದಕ್ಕೆ ಕಾರಣ. ಆದ್ದರಿಂದ ಮೊಳಕೆ ಹಿಟ್ಟನ್ನು ಹೆಚ್ಚು ಹಾಕಿದರೂ ಕೂಸು ಸುಲಭವಾಗಿ ನುಂಗುತ್ತದೆ, ಅದೇ ಬಟ್ಟಲಿನಲ್ಲಿ ಸಾರ ಹೆಚ್ಚು. ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಅಂಶವೂ ಮೊಳಕೆಯಲ್ಲಿ ಕಡಮೆಯಾಗುತ್ತದೆ.

ಮಾಡುವ ರೀತಿ ನಿಮ್ಮ ಮನೆಯ ಅಜ್ಜಿಗೆ ಗೊತ್ತಿರುತ್ತದೆ. ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ತೊಳೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಂದೆರಡು ದಿನ ಬಿಡುವುದು. ನಡುನಡುವೆ ನೀರು ಚಿಮುಕಿಸುವುದು. ಮೊಳಕೆ ಬಂದಮೇಲೆ ಚೆನ್ನಾಗಿ ಒಣಗಿಸಿ, ಉಜ್ಜಿ ಮೊಳಕೆಯ ಬೇರು ಉದುರಿಸಿ, ಹದವಾಗಿ ಬೆಚ್ಚಗೆ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಕೆಂಪಗೆ ಹುರಿದುಬಿಟ್ಟರೆ ಆ ಕಿಣ್ವ ಸುಟ್ಟುಹೋಗುತ್ತದೆ, ಹಿಟ್ಟು ಮತ್ತೆ ಸಾದಾ ಹಿಟ್ಟಿನಂತೆಯೇ ಗಟ್ಟಿಯಾಗುತ್ತದೆ. ಗಂಟಿನಲ್ಲಿ ಬೂಸಲು ವಾಸನೆ ಬಂದಿದ್ದರೆ ಕೂಸಿಗೆ ಉಪಯೋಗಿಸಬಾರದು. ಸರಿಗೆ ಹುರಿದ ಹೆಸರುಬೇಳೆ ಪುಡಿ ಬೆರಸಿ, ಇಳಿಸುವ ಮುನ್ನ ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಹಾಕಬೇಕು. ಮೊದಲು ದಿನಕ್ಕೆರಡು ಮೂರು ಸಲ, ಸಲಕ್ಕೆರಡು ಮೂರು ಚಮಚ. ಒಂಬತ್ತು ತಿಂಗಳ ಹೊತ್ತಿಗೆ ಮೂರು ನಾಲ್ಕು ಸಲ. ಆಮೇಲೆ ಹಿಸುಕಿದ ಸೊಪ್ಪು, ಬೇಳೆ, ಬಾಳೆಹಣ್ಣು, ಮೊಟ್ಟೆ.

ಕೂಸಿಗೆ ಭೇದಿಯಾದಾಗ ಊಟ ನಿಲ್ಲಿಸಬಾರದು. ಎದೆಹಾಲನ್ನಂತೂ ನಿಲ್ಲಿಸಲೇಬಾರದು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾದರೆ ಅಪಾಯ. ಆರೋಗ್ಯ ಕೇಂದ್ರದ ಓ.ಆರ್.ಎಸ್. ಪೊಟ್ಟಣ ಸಿಕ್ಕಿದರೆ ಅದೇ ಉತ್ತಮ. ಕಣ್ಣು ಗುಳಿಬಿದ್ದರೆ, ಕೂಸು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ.

ವಿದ್ಯಾರ್ಥಿಗಳ ಚೀಲದಲ್ಲಿ ಮೂರು ಬಣ್ಣದ ಒಂದು ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡತೋಳಿನ ನಡುವೆ ಅದನ್ನು ಸುತ್ತುತ್ತಾರೆ. 12.5 ಸೆಂಟಿಮೀಟರಿಗಿಂತ ಕಡಮೆಯಾದರೆ ಹಳದಿ, 11.5ಕ್ಕಿಂತ ಕಡಮೆಯಾದರೆ ಕೆಂಪು. ಕೆಂಪು ಬಂದ ಮಗುವಿಗೆ ಚಿಕಿತ್ಸೆ ಬೇಕು, ನಾಳೆ ನಾಡಿದ್ದೆಂದು ತಡಮಾಡುವಂತಿಲ್ಲ. ಅಳತೆ ತೆಗೆದರೆ ಮಗು ಬಡವಾಗುತ್ತದೆಂಬ ಮಾತು ಕೆಲವೆಡೆ ಇದೆ. ಕರುವಿನ ಎದೆಸುತ್ತಳತೆ ತೆಗೆದರೆ ಕರು ಬಡವಾಗುತ್ತದೆಯೇ?

ಸಕ್ಕರೆ ಕಾಯಿಲೆಯವರ ವಿಷಯ ಒಂದು ಮಾತು. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲವೆಂದು ಮೂರು ಹಿಟ್ಟು ಉಣ್ಣುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿಯೂ 70 ಗ್ರಾಮಿನಷ್ಟು ಪಿಷ್ಟವೇ ಇದೆ, ಅಕ್ಕಿಗಿಂತ ಬಹಳ ಕಡಮೆಯೇನಲ್ಲ. ನಾರಿನ ಅಂಶ ಹೆಚ್ಚಿರುವುದು ಒಳ್ಳೆಯದೇ, ಆದರೂ ಹಿಟ್ಟಿನ ಗಾತ್ರ ಚಿಕ್ಕದಾಗಿ, ಸೊಪ್ಪುಕಾಳು ಹೆಚ್ಚಾಗಿ ಇರಬೇಕು. ರಾಗಿ ಗಂಜಿಗೆ ಬೆಲ್ಲ ಹಾಕಿ ಕುಡಿಯುವುದಂತೂ ಅವರಿಗೆ ಸಲ್ಲದು.

ಮುಂದಿನ ಸಲ ವಿದ್ಯಾರ್ಥಿಗಳು ಅಂಗನವಾಡಿಯಲ್ಲಿ ಅಡಿಗೆಯ ಪ್ರಾತ್ಯಕ್ಷಿಕೆ ಮಾಡುವರೆಂದು ಸಾರಿದಾಗ, ಪ್ರತಿ ಮನೆಯಿಂದ ಅತ್ತೆ ಸೊಸೆ ಇಬ್ಬರೂ ಹೋಗಲಿ. ಒಬ್ಬರೇ ಕೇಳಿಬಂದರೆ ಮನೆಯಲ್ಲಿ ಇನ್ನೊಬ್ಬರು ಒಪ್ಪುವುದಿಲ್ಲ. ಮನೆಯಲ್ಲಿ ದಿನವೂ ಬಳಸುವ ಸೌಟು, ಬಟ್ಟಲುಗಳನ್ನೇ ಒಯ್ಯಿರಿ, ಅವುಗಳಲ್ಲಿ ಎಷ್ಟು ಹಿಡಿಯುತ್ತದೆಂದು ಅಲ್ಲಿ ತೂಗಿ ಗುರುತು ಹಾಕಿಕೊಡುತ್ತಾರೆ. ಮೊಳಕೆ ಹಿಟ್ಟು ಮಾಡಿದವರು ಒಂದು ಹಿಡಿ ತನ್ನಿ, ಎರಡು ಬಟ್ಟಲಿನ ಪರೀಕ್ಷೆಗೆ ಬೇಕಾಗುತ್ತದೆ. ಸಾದಾ ಹಿಟ್ಟು ಹೇಗೂ ಅಲ್ಲಿರುತ್ತದೆ.